ದರದ ಪೆಟ್ಟಿಗೆ 99ಕ್ಕೇ ನಿಂತಿತು: ವಿಜೆಟ್ ಕಟ್ಟುವಾಗ ಯಾವುದು ಮೊದಲು, ಯಾವುದು ಆಮೇಲೆ

ಶಿರಸಿಯ ಅಡಿಕೆ ವಕಾರಿಯೊಂದಕ್ಕೆ (ಅಡಿಕೆ ವ್ಯಾಪಾರದ ಮಳಿಗೆಗೆ) ತೂಕದ ಚೀಟಿ ಬರೆಯುವ ಸಣ್ಣ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೆ. ಪೈಥಾನ್‌ನಲ್ಲಿ, ಪೈಸೈಡ್6 ಬಳಸಿ; ಕಿಟಕಿ, ಬಟನ್ನು ಕಟ್ಟುವ ಕ್ಯೂಟಿ ಎಂಬ ಲೈಬ್ರರಿಯನ್ನು ಪೈಥಾನ್‌ನಿಂದ ಬಳಸುವ ದಾರಿ ಅದು. ಒಂದೇ ಕಿಟಕಿ. ಅದರಲ್ಲಿ ಬೆಳೆಗಾರರ ಹೆಸರು, ಅಡಿಕೆಯ ನಮೂನೆ, ಚೀಲ, ತೂಕ, ಕ್ವಿಂಟಲಿನ ದರ, ಕೆಳಗೆ ಒಟ್ಟು ಮೊತ್ತ. ಇಂಥ ಕಿಟಕಿ, ಪೆಟ್ಟಿಗೆ, ಬಟನ್ನು ಎಲ್ಲಕ್ಕೂ ವಿಜೆಟ್ ಎಂದು ಹೆಸರು. ಮೂರನೇ ದಿನ ಬೆಳಿಗ್ಗೆ ದೋಸೆಯ ಮುಂದೆ ಕೂತಿದ್ದಾಗ ಅಲ್ಲಿ ಲೆಕ್ಕ ಬರೆಯುವ ಭಾವನ ಫೋನು ಬಂತು.

"ಅಪ್ಪೀ, ನಿನ್ನೆ ಬರದ ಚೀಟಿ ತೆಗೆದ್ರೆ ರಾಶಿ ದರ ಕ್ವಿಂಟಲಿಗೆ ತೊಂಬತ್ತೊಂಬತ್ತು ರೂಪಾಯಿ ತೋರಸ್ತು. ಎಂತ ಆಜು ಇದ್ಕೆ?"

ರಾಶಿ ಎಂಬ ನಮೂನೆಗೆ ನಿನ್ನೆ ಅವರು ಹೊಡೆದದ್ದು 48,500. ಸರಿಯಾಗಿಯೇ ಉಳಿದಿತ್ತು. ಇವತ್ತು ಅದೇ ಚೀಟಿ ತೆರೆದರೆ 99. ಅಷ್ಟೇ ಆಗಿದ್ದರೆ ತಡೆದುಕೊಳ್ಳಬಹುದಿತ್ತು. ಡೇಟಾಬೇಸ್ ನೋಡಿದರೆ ಅಲ್ಲೂ 99 ಕೂತಿತ್ತು. ಚೀಟಿಯನ್ನು ತೆರೆದು ನೋಡಿದ್ದಕ್ಕೇ ಅದು ಕೆಟ್ಟುಹೋಗಿತ್ತು.

ತಪ್ಪು ಇದ್ದದ್ದು ನಾಲ್ಕು ಸಾಲಿನ ಹಿಂದುಮುಂದಿನಲ್ಲಿ. ಕ್ಯೂಟಿಯ ಸ್ಪಿನ್‌ಬಾಕ್ಸ್, ಅಂದರೆ ಅಂಕಿ ತುಂಬುವ ಪೆಟ್ಟಿಗೆ, ಹುಟ್ಟುವಾಗಲೇ 0ಯಿಂದ 99ರವರೆಗಿನ ಮಿತಿ ಹೊತ್ತುಕೊಂಡು ಬರುತ್ತದೆ. ನಾನು ಮೊದಲು ಸಿಗ್ನಲ್ ಜೋಡಿಸಿದ್ದೆ (ಏನಾದರೂ ಆದಾಗ ವಿಜೆಟ್ ಹೊರಡಿಸುವ ಸುದ್ದಿಗೆ ಒಂದು ಕೆಲಸ ಕಟ್ಟುವುದು), ಆಮೇಲೆ ಬೆಲೆ (ವ್ಯಾಲ್ಯೂ) ತುಂಬಿದ್ದೆ, ಕೊನೆಗೆ ಮಿತಿಯನ್ನು ಎರಡು ಲಕ್ಷಕ್ಕೆ ಏರಿಸಿದ್ದೆ. ಬೆಲೆ ತುಂಬುವಾಗ ಮಿತಿ ಇನ್ನೂ 99. ಹಾಗಾಗಿ 48,500 ಸದ್ದಿಲ್ಲದೆ 99ಕ್ಕೆ ಇಳಿಯಿತು. ದೋಷದ ಸಂದೇಶ ಇಲ್ಲ, ಎಚ್ಚರಿಕೆ ಇಲ್ಲ. 'ಬೆಲೆ ಬದಲಾಯಿತು' ಎಂಬ ಸಿಗ್ನಲ್ ಮಾತ್ರ ಹೊರಟಿತು, ಅದಕ್ಕೆ ಕಟ್ಟಿದ್ದ 'ಉಳಿಸು' ಕೆಲಸ ತನ್ನ ಪಾಡಿಗೆ 99ನ್ನು ಉಳಿಸಿತು. ಮಿತಿ ಆಮೇಲೆ ಏರಿದ್ದರಿಂದ ಹೊಸ ಚೀಟಿಯಲ್ಲಿ ಕೈಯಿಂದ ಹೊಡೆದ ದರಕ್ಕೆ ಏನೂ ತೊಂದರೆ ಇರಲಿಲ್ಲ. ಮೊದಲ ದಿನ ನಾನು ಪರೀಕ್ಷಿಸಿದ್ದೂ ಹೊಸ ಚೀಟಿಯನ್ನೇ.

ಆ ದಿನದಿಂದ ವಿಜೆಟ್ ಕಟ್ಟುವುದಕ್ಕೆ ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಪೈಥಾನ್‌ನಲ್ಲಿ ಕ್ಲಾಸ್ ಬರೆಯಲು ಬರುವ, ಆದರೆ ಕಿಟಕಿ, ಬಟನ್ನುಗಳ ಕೆಲಸಕ್ಕೆ ಈಗಷ್ಟೇ ಕೈ ಹಾಕಿದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕೋಡಿನ ಹೆಸರುಗಳನ್ನು ಫೋನಿನಲ್ಲಿ ಓದಿ ಹೇಳುವ ಹಾಗೆ ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಕಾಗುಣಿತ ನಿಮಗೆ ಗೊತ್ತೇ ಇದೆ.

ಕನ್‌ಸ್ಟ್ರಕ್ಟರಿನೊಳಗಿನ ಕ್ರಮ

ಪೈಥಾನ್‌ನಲ್ಲಿ ಕನ್‌ಸ್ಟ್ರಕ್ಟರ್ ಎಂದರೆ ಡಂಡರ್ ಇನಿಟ್. ನನ್ನ ಪ್ರತಿ ವಿಜೆಟ್ಟಿನ ಇನಿಟ್ ಈಗ ಹೀಗೆ ಸಾಗುತ್ತದೆ:

ಒಂದು, ಸೂಪರ್‌ನ ಇನಿಟ್ ಕರೆ, ಪೇರೆಂಟ್ (ಈ ವಿಜೆಟ್ ಯಾವುದಕ್ಕೆ ಸೇರಿದೆಯೋ ಆ ವಿಜೆಟ್) ಕೊಟ್ಟು.
ಎರಡು, ಸೆಲ್ಫ್‌ನ ಸ್ವಂತ ವೇರಿಯೇಬಲ್‌ಗಳು.
ಮೂರು, ಒಳಗಿನ ವಿಜೆಟ್‌ಗಳ ಸೃಷ್ಟಿ, ಅವುಗಳ ಮಿತಿ, ದಶಮಾಂಶ, ಪ್ರಿಫಿಕ್ಸ್.
ನಾಲ್ಕು, ಲೇಔಟ್, ಅಂದರೆ ಅವುಗಳನ್ನು ಜೋಡಿಸಿ ಕೂರಿಸುವ ಚೌಕಟ್ಟು.
ಐದು, ಬೆಲೆ ತುಂಬುವುದು.
ಆರು, ಸಿಗ್ನಲ್ ಜೋಡಣೆ.

ಮೂರು, ಐದು, ಆರರ ಸರದಿ ತಪ್ಪಿದ್ದರಿಂದಲೇ ಭಾವನ ಫೋನು ಬಂದದ್ದು. ದಶಮಾಂಶದ ಸ್ಪಿನ್‌ಬಾಕ್ಸ್‌ನದೂ ಇದೇ ಕಥೆ: ಹುಟ್ಟುವಾಗ ಅದರ ಗರಿಷ್ಠ 99.99, ದಶಮಾಂಶ ಎರಡೇ ಸ್ಥಾನ. ತೂಕ 62.347 ಕಿಲೋ ಎಂದು ಮೊದಲು ತುಂಬಿ, ಆಮೇಲೆ ದಶಮಾಂಶವನ್ನು ಮೂರಕ್ಕೆ ಏರಿಸಿದರೆ ಪೆಟ್ಟಿಗೆಯಲ್ಲಿ ಇರುವುದು 62.350. ಕಳೆದುಹೋದ ಅಂಕಿ ಮಿತಿ ಸಡಿಲಿಸಿದ ಮೇಲೆ ತಾನಾಗಿ ವಾಪಸ್ಸು ಬರುವುದಿಲ್ಲ. ದಿನಾಂಕದ ಪೆಟ್ಟಿಗೆಗೆ ಏನೂ ಹೇಳದೆ ಬಿಟ್ಟರೆ ಅದು 2000ದ ಜನವರಿ 1 ತೋರಿಸುತ್ತದೆ. ಅಂಥ ದಿನಾಂಕದ ಚೀಟಿ ಮುದ್ರಣವಾಗಿ ಹೊರಬಿದ್ದರೆ ನಗುವುದು ಬೆಳೆಗಾರ, ತಲೆ ತಗ್ಗಿಸುವುದು ನಾವು.

ಇದೇ ಸರದಿ ಲೋಕಕ್ಕೆಲ್ಲ ಒಂದೇ ಎಂದೇನೂ ಹೇಳುತ್ತಿಲ್ಲ. ನಮ್ಮಲ್ಲಿ ಕೆಂಪಡಿಕೆ ಮಾಡುವವರು ಹಸಿ ಕಾಯಿ ಸುಲಿದು, ಬೇಯಿಸಿ, ಆಮೇಲೆ ಒಣಗಿಸುತ್ತಾರೆ. ಚಾಲಿ ಮಾಡುವವರು ಹಣ್ಣಡಿಕೆಯನ್ನು ಸಿಪ್ಪೆ ಸಮೇತ ಒಣಗಿಸಿ ಆಮೇಲೆ ಸುಲಿಯುತ್ತಾರೆ. ಎರಡೂ ಸರಿ. ಆದರೆ ಒಂದು ಅಂಗಳದಲ್ಲಿ ಒಂದೇ ಕ್ರಮ. ನಿಮ್ಮ ಪ್ರಾಜೆಕ್ಟ್‌ನ ಎಲ್ಲ ವಿಜೆಟ್‌ಗಳೂ ಒಂದೇ ಸರದಿಯಲ್ಲಿದ್ದರೆ ಆರು ತಿಂಗಳ ಮೇಲೆ ತೆರೆದಾಗಲೂ ಯಾವುದನ್ನು ಎಲ್ಲಿ ಹುಡುಕಬೇಕು ಎಂದು ಕೈಗೇ ಗೊತ್ತಿರುತ್ತದೆ.

ಸೂಪರ್ ಮೊದಲು, ಪೇರೆಂಟ್ ಜೊತೆಗೆ

ಸೂಪರ್ ಕರೆಯದೆ ಒಳಗಿನ ಏನನ್ನಾದರೂ ಮುಟ್ಟಿದರೆ ಪೈಸೈಡ್ ಆಗಲಿ ಅಂಥದೇ ಇನ್ನೊಂದಾದ ಪೈಕ್ಯೂಟಿ ಆಗಲಿ 'ಮೇಲಿನ ಕ್ಲಾಸಿನ ಇನಿಟ್ ಕರೆದೇ ಇಲ್ಲ' ಎಂದು ರನ್‌ಟೈಮ್ ಎರರ್ ಎಸೆಯುತ್ತದೆ. ಕಾರಣ ಸರಳ. ಪೈಥಾನ್ ಆಬ್ಜೆಕ್ಟ್ ಬರೀ ಹೊದಿಕೆ. ಪರದೆಯ ಮೇಲೆ ಕಾಣುವುದು ಅದರ ಹಿಂದಿನ ಸಿ ಪ್ಲಸ್ ಪ್ಲಸ್ ಆಬ್ಜೆಕ್ಟ್. ಅದು ಹುಟ್ಟುವುದು ಸೂಪರ್‌ನ ಕರೆಯಲ್ಲಿ. ಹುಟ್ಟದವನಿಗೆ ಹೆಸರಿಡಲು ಹೋದರೆ ಬೈಗುಳ ಬಾರದೆ ಇರುತ್ತದೆಯೇ?

ಇದಕ್ಕೂ ಮೊದಲಿನದು ಕ್ಯೂಅಪ್ಲಿಕೇಶನ್, ಇಡೀ ಪ್ರೋಗ್ರಾಂ ನಡೆಸುವ ಆಬ್ಜೆಕ್ಟ್. ಅದು ಹುಟ್ಟುವ ಮೊದಲು ಯಾವ ವಿಜೆಟ್ಟೂ ಹುಟ್ಟಬಾರದು. ಹುಟ್ಟಿಸಿದರೆ ಪ್ರೋಗ್ರಾಂ ಅಲ್ಲೇ ನಿಲ್ಲುತ್ತದೆ. ಇದು ಎಲ್ಲರಿಗೂ ಗೊತ್ತಿರುವ ವಿಷಯವೇ, ಆದರೂ ಎಡವುವುದು ಬೇರೆ ದಾರಿಯಲ್ಲಿ: ಫೈಲಿನ ಮೇಲ್ಭಾಗದಲ್ಲಿ, ಅಥವಾ ಫಂಕ್ಷನ್ನಿನ ಡಿಫಾಲ್ಟ್ ಆರ್ಗ್ಯುಮೆಂಟಿನಲ್ಲಿ ಒಂದು ವಿಜೆಟ್ ಕೂತಿರುತ್ತದೆ. ಇಂಪೋರ್ಟ್ ಮಾಡಿದ ಗಳಿಗೆಯಲ್ಲೇ ಅದು ಹುಟ್ಟಲು ಹೊರಡುತ್ತದೆ.

ಪೇರೆಂಟ್ ವಿಷಯ. ನಿಮ್ಮ ಸಬ್‌ಕ್ಲಾಸಿನ ಇನಿಟ್‌ನಲ್ಲಿ ಪೇರೆಂಟ್‌ಗೆ ಯಾವಾಗಲೂ ಜಾಗ ಇಡಿ, ಡಿಫಾಲ್ಟ್ ಬೆಲೆ ನನ್, ಕೊನೆಯ ಆರ್ಗ್ಯುಮೆಂಟಾಗಿ, ಹೆಸರು ಹೇಳಿಯೇ ಕೊಡುವಂತೆ. ಕ್ಯೂಟಿಯಲ್ಲಿ ಪೇರೆಂಟ್ ಹೋದರೆ ಅದರ ಮಕ್ಕಳೂ ಹೋಗುತ್ತವೆ; ಒಂದೊಂದನ್ನೇ ಅಳಿಸುವ ತಾಪತ್ರಯ ಇಲ್ಲ. ಲೇಔಟಿಗೆ ಸೇರಿಸಿದ ವಿಜೆಟ್‌ಗೆ, ಆ ಲೇಔಟ್ ಕೂತಿರುವ ವಿಜೆಟ್ ತಾನಾಗಿ ಪೇರೆಂಟ್ ಆಗುತ್ತದೆ. ಹಾಗಾಗಿ ಪ್ರತಿ ಲೇಬಲ್ಲಿಗೂ ಪೇರೆಂಟ್ ಬರೆಯುವ ಮಡಿವಂತಿಕೆ ನನಗಿಲ್ಲ.

ಪೇರೆಂಟ್ ಇಲ್ಲದ ಕಿಟಕಿಗೆ ಮಾತ್ರ ಎಚ್ಚರ ಬೇಕು. 'ಹೊಸ ಚೀಟಿ' ಬಟನ್ ಒತ್ತಿದಾಗ ಫಂಕ್ಷನ್ನಿನೊಳಗೆ ಕಿಟಕಿ ಹುಟ್ಟಿಸಿ ಶೋ ಕರೆದಿರಿ ಎನ್ನೋಣ. ಫಂಕ್ಷನ್ ಮುಗಿಯಿತು, ಲೋಕಲ್ ವೇರಿಯೇಬಲ್ ಹೋಯಿತು, ಪೈಥಾನ್ ಕಸ ಗುಡಿಸಿತು, ಕಿಟಕಿ ಮಿಂಚಿ ಮಾಯ. ಮಳೆಗಾಲದ ಕರೆಂಟಿನ ಹಾಗೆ ಒಮ್ಮೆ ಬಂದು ಹೋಗುವ ಕಿಟಕಿ ಕಂಡರೆ ಮೊದಲು ನೋಡಬೇಕಾದದ್ದು ಇದನ್ನೇ. ತೆರೆದಿರುವ ಚೀಟಿಗಳನ್ನು ಮುಖ್ಯ ಕಿಟಕಿಯ ಸೆಲ್ಫ್‌ನಲ್ಲಿ ಒಂದು ಪಟ್ಟಿಯಾಗಿ ಇಟ್ಟುಕೊಳ್ಳಿ, ಮುಚ್ಚಿದಾಗ ಪಟ್ಟಿಯಿಂದ ತೆಗೆಯಿರಿ. ಪೈಥಾನ್ ಜೊತೆಗೇ ಬರುವ ಕಿಟಕಿ ಲೈಬ್ರರಿ ಟಿಕಿಂಟರ್ ಬಳಸುವವರಿಗೆ ಇದೇ ಕಾಟ ಫೋಟೋಇಮೇಜ್‌ನಲ್ಲಿ: ಚಿತ್ರವನ್ನು ಎಲ್ಲಾದರೂ ಹಿಡಿದಿಟ್ಟುಕೊಳ್ಳದಿದ್ದರೆ ಲೇಬಲ್ ಇರುತ್ತದೆ, ಚಿತ್ರ ಇರುವುದಿಲ್ಲ.

ಸ್ವಂತ ವೇರಿಯೇಬಲ್‌ಗಳ ಎರಡು ಬಲೆ

ಮೊದಲನೆಯದು ಹೆಸರು. ಸೆಲ್ಫ್ ಡಾಟ್ ಲೇಔಟ್, ಸೆಲ್ಫ್ ಡಾಟ್ ಪೇರೆಂಟ್, ಸೈಜ್, ವಿಡ್ತ್, ಫಾಂಟ್, ಈ ಎಲ್ಲ ಹೆಸರುಗಳೂ ಕ್ಯೂವಿಜೆಟ್‌ನ ಮೆಥಡ್‌ಗಳು. ಅದೇ ಹೆಸರಿಗೆ ನಿಮ್ಮ ವಸ್ತುವನ್ನು ಇಟ್ಟರೆ ಆ ಹೊತ್ತಿಗೆ ಏನೂ ಆಗುವುದಿಲ್ಲ. ಯಾವಾಗಲೋ ಬೇರೆಲ್ಲೋ ಲೇಔಟ್ ಅನ್ನು ಮೆಥಡ್ ಎಂದುಕೊಂಡು ಕರೆದಾಗ 'ಇದು ಕರೆಯಲು ಬರುವಂಥದ್ದಲ್ಲ' ಎಂಬ ಟೈಪ್ ಎರರ್ ಬರುತ್ತದೆ, ನೀವು ಕರೆದ ಜಾಗದಲ್ಲಿ ತಪ್ಪು ಹುಡುಕುತ್ತೀರಿ. ಪೈಥಾನ್ 3ರಲ್ಲಿ ವೇರಿಯೇಬಲ್ಲಿಗೆ ಕನ್ನಡ ಅಕ್ಷರದ ಹೆಸರನ್ನೂ ಇಡಬಹುದು. ಸೆಲ್ಫ್ ಡಾಟ್ ದರ, ಸೆಲ್ಫ್ ಡಾಟ್ ತೂಕ ಎಂದು ಬರೆದರೆ ಕ್ಯೂಟಿಯ ಯಾವ ಹೆಸರಿಗೂ ತಾಗುವುದಿಲ್ಲ! ನನ್ನ ಸ್ವಂತ ಕೆಲಸಗಳಲ್ಲಿ ಒಮ್ಮೆ ಹಾಗೇ ಮಾಡಿದ್ದೆ. ಕೀಬೋರ್ಡ್ ಭಾಷೆ ಬದಲಿಸಿ ಬದಲಿಸಿ ಬೆರಳು ಸೋತು ಬಿಟ್ಟೆ.

ಎರಡನೆಯದು ಕ್ಲಾಸಿನ ಮಟ್ಟದಲ್ಲಿ ಬರೆದ ಪಟ್ಟಿ. ಚೀಟಿ ಕ್ಲಾಸಿನಲ್ಲಿ, ಇನಿಟ್‌ನ ಹೊರಗೆ, 'ಚೀಲಗಳು' ಎಂದು ಖಾಲಿ ಲಿಸ್ಟ್ ಇಟ್ಟಿರಿ. ಒಂದು ಚೀಟಿ ತೆರೆದು ಪರೀಕ್ಷಿಸಿದರೆ ಎಲ್ಲ ಸರಿ. ಎರಡು ಚೀಟಿ ಒಟ್ಟಿಗೆ ತೆರೆದರೆ ಹೆಗಡೆಯವರ ಚೀಲ ನಾಯ್ಕರ ಚೀಟಿಯಲ್ಲಿ! ಆ ಲಿಸ್ಟ್ ಎಲ್ಲ ಚೀಟಿಗಳಿಗೂ ಸೇರಿ ಒಂದೇ. ಬದಲಾಗುವ ವಸ್ತು ಏನಿದ್ದರೂ ಇನಿಟ್‌ನ ಒಳಗೆ, ಸೆಲ್ಫ್‌ನ ಮೇಲೆ.

ಇದಕ್ಕೆ ತದ್ವಿರುದ್ಧ ನಿಮ್ಮದೇ ಸಿಗ್ನಲ್. ಅದನ್ನು ಕ್ಲಾಸಿನ ಮಟ್ಟದಲ್ಲೇ ಘೋಷಿಸಬೇಕು. ಇನಿಟ್‌ನೊಳಗೆ ಸೆಲ್ಫ್ ಮೇಲೆ ಬರೆದರೆ ಕನೆಕ್ಟ್ ಎಂಬುದೇ ಅದಕ್ಕಿರುವುದಿಲ್ಲ. ಗೊಂದಲ ಅನ್ನಿಸಿದರೆ ತಪ್ಪಲ್ಲ, ನನಗೂ ಅನ್ನಿಸಿತ್ತು.

ಸಬ್‌ಕ್ಲಾಸ್ ಮಾಡಬೇಕೋ ಬೇಡವೋ

ನನ್ನ ಮೊದಲ ದರದ ಪೆಟ್ಟಿಗೆ ಸ್ಪಿನ್‌ಬಾಕ್ಸ್‌ನ ಸಬ್‌ಕ್ಲಾಸ್ ಆಗಿತ್ತು. ಯಾತಕ್ಕೆ? ಅಂಕಿಯ ಮುಂದೆ ₹ ಕಾಣಿಸಲು. ಹನ್ನೆರಡು ಸಾಲು ಬರೆದ ಮೇಲೆ ಗೊತ್ತಾಯಿತು, ಸೆಟ್‌ಪ್ರಿಫಿಕ್ಸ್ ಎಂಬ ಮೆಥಡ್ ಇದೆ, ಒಂದೇ ಸಾಲು. ಲೇಬಲ್ ದಪ್ಪ ಮಾಡಲು, ಬಟನ್ನಿಗೆ ಬಣ್ಣ ಕೊಡಲು, ಕಿಟಕಿಗೆ ಶೀರ್ಷಿಕೆ ಇಡಲು ಸಬ್‌ಕ್ಲಾಸ್ ಮಾಡುವವರನ್ನು ಈಗಲೂ ಕಾಣುತ್ತೇನೆ. ಅದಕ್ಕೆ ಒಂದು ಫಂಕ್ಷನ್ ಸಾಕು: ವಿಜೆಟ್ ಹುಟ್ಟಿಸು, ಗುಣ ತುಂಬು, ವಾಪಸ್ಸು ಕೊಡು.

ನಾನು ಸಬ್‌ಕ್ಲಾಸ್ ಬರೆಯುವುದು ಎರಡೇ ಸಂದರ್ಭದಲ್ಲಿ. ಹಲವು ವಿಜೆಟ್‌ಗಳನ್ನು ಸೇರಿಸಿ ಒಂದು ಘಟಕ ಮಾಡುವಾಗ ಕ್ಯೂವಿಜೆಟ್‌ನ ಸಬ್‌ಕ್ಲಾಸ್. ಚೀಟಿಯ ಒಂದು ಸಾಲು ಅಂಥದ್ದು, ನಮೂನೆ ಆರಿಸುವ ಕಾಂಬೊ ಪೆಟ್ಟಿಗೆ, ಚೀಲ, ತೂಕ, ದರ ಎಲ್ಲ ಅದರ ಒಳಗಿರುತ್ತವೆ. ಇನ್ನೊಂದು, ವಿಜೆಟ್ಟಿನ ನಡವಳಿಕೆಯನ್ನೇ ಬದಲಿಸಬೇಕಾದಾಗ, ಅಂದರೆ ಯಾವುದಾದರೂ ಇವೆಂಟ್ ಮೆಥಡ್ (ಮೌಸು, ಕೀ ಇತ್ಯಾದಿ ಮುಟ್ಟಿದಾಗ ಕ್ಯೂಟಿ ಕರೆಯುವ ಮೆಥಡ್) ಅನ್ನು ಓವರ್‌ರೈಡ್ ಮಾಡಲೇಬೇಕಾದಾಗ.

ದರದ ಪೆಟ್ಟಿಗೆಗೆ ಎರಡನೆಯ ಕಾರಣ ಆಮೇಲೆ ನಿಜವಾಗಿಯೂ ಬಂತು. ಚೀಟಿಯಲ್ಲಿ ಇಪ್ಪತ್ತು ಸಾಲು ಆದರೆ ಪುಟ ಕೆಳಗೆ ಸರಿಸಬೇಕು. ಭಾವ ಮೌಸಿನ ಚಕ್ರ ತಿರುಗಿಸುತ್ತಾರೆ, ಕರ್ಸರಿನ ಬಾಣ ದಾರಿಯಲ್ಲಿ ಒಂದು ದರದ ಪೆಟ್ಟಿಗೆಯ ಮೇಲೆ ಬರುತ್ತದೆ, ಪುಟ ನಿಲ್ಲುತ್ತದೆ, ದರ ಓಡುತ್ತದೆ. 48,500 ಇದ್ದದ್ದು 48,497. ಮೂರು ರೂಪಾಯಿ ವ್ಯತ್ಯಾಸ ಯಾರ ಕಣ್ಣಿಗೂ ಬೀಳುವುದಿಲ್ಲ, ಸಂಜೆ ಲೆಕ್ಕ ತಾಳೆಯಾಗದಿದ್ದಾಗ ಎಲ್ಲರ ಕಣ್ಣಿಗೂ ಬೀಳುತ್ತದೆ.

ಇದರ ಪರಿಹಾರವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಸ್ಪಿನ್‌ಬಾಕ್ಸ್‌ನಿಂದ ದರಪೆಟ್ಟಿಗೆ ಎಂಬ ಸಬ್‌ಕ್ಲಾಸ್ ಮಾಡಿ. ಇನಿಟ್‌ನಲ್ಲಿ ಸೂಪರ್ ಆದ ಮೇಲೆ ಮಿತಿ 0ಯಿಂದ 2,00,000, ಪ್ರಿಫಿಕ್ಸ್ ₹, ಮತ್ತು ಫೋಕಸ್ ಪಾಲಿಸಿಯನ್ನು (ಕೀಬೋರ್ಡಿನ ಗಮನ ಪೆಟ್ಟಿಗೆಗೆ ಹೇಗೆ ಸಿಗಬೇಕು ಎಂಬ ನಿಯಮವನ್ನು) ಸ್ಟ್ರಾಂಗ್‌ಫೋಕಸ್‌ಗೆ ಇಡಿ. ಆಮೇಲೆ ವೀಲ್‌ಇವೆಂಟ್ ಓವರ್‌ರೈಡ್: ಪೆಟ್ಟಿಗೆಗೆ ಫೋಕಸ್ ಇಲ್ಲದಿದ್ದರೆ ಇವೆಂಟಿಗೆ ಇಗ್ನೋರ್ ಹೇಳಿ, ಇದ್ದರೆ ಸೂಪರ್‌ನ ವೀಲ್‌ಇವೆಂಟಿಗೆ ದಾಟಿಸಿ. ಅಷ್ಟೇ ಕೋಡು. ಇಗ್ನೋರ್ ಎಂದರೆ 'ನನಗೆ ಬೇಡ' ಎಂದು ಪೇರೆಂಟಿಗೆ ಕೊಡುವುದು. ಹಾಗಾಗಿ ಪುಟ ಸರಿಯುತ್ತದೆ. ಫೋಕಸ್ ಪಾಲಿಸಿಯ ಸಾಲು ಬಿಟ್ಟರೆ ಇಡೀ ಶ್ರಮ ನೀರಲ್ಲಿ ಹೋಮ. ಸ್ಪಿನ್‌ಬಾಕ್ಸ್‌ನ ಹುಟ್ಟುಗುಣ ವೀಲ್‌ಫೋಕಸ್, ಚಕ್ರ ತಾಗಿದ ಕೂಡಲೇ ಫೋಕಸ್ ತಾನೇ ಎಳೆದುಕೊಳ್ಳುತ್ತದೆ. ನಿಮ್ಮ ಮೆಥಡ್ ವಿಚಾರಿಸುವ ಹೊತ್ತಿಗೆ 'ಫೋಕಸ್ ಇದೆಯಲ್ಲ' ಎಂಬ ಉತ್ತರ ಸಿದ್ಧವಾಗಿರುತ್ತದೆ.

ಓವರ್‌ರೈಡ್ ಮಾಡಿದ ಮೇಲೆ ನಿಮಗೆ ಬೇಡವಾದ ಸಂದರ್ಭವನ್ನೆಲ್ಲ ಸೂಪರ್‌ಗೆ ಒಪ್ಪಿಸುವುದು ಮರೆಯಬಾರದು. ಎಂಟರ್ ಒತ್ತಿದರೆ ಮುಂದಿನ ಪೆಟ್ಟಿಗೆಗೆ ಹೋಗಲಿ ಎಂದು ಕೀಪ್ರೆಸ್‌ಇವೆಂಟ್ ಬರೆದು ಉಳಿದ ಕೀಗಳನ್ನು ಸೂಪರ್‌ಗೆ ಕೊಡದಿದ್ದರೆ ಅಂಕಿಯನ್ನೇ ಹೊಡೆಯಲು ಬರುವುದಿಲ್ಲ.

ಅಂಕಿಯನ್ನು 1,25,000 ಎಂದು ನಮ್ಮ ಲಕ್ಷದ ಕ್ರಮದಲ್ಲಿ ತೋರಿಸಬೇಕಾದಾಗ ಅದೇ ಸಬ್‌ಕ್ಲಾಸಿನಲ್ಲಿ ಟೆಕ್ಸ್ಟ್‌ಫ್ರಮ್‌ವ್ಯಾಲ್ಯೂ ಓವರ್‌ರೈಡ್ ಮಾಡಬಹುದು: ಕೊನೆಯ ಮೂರು ಅಂಕಿ ಬಿಟ್ಟು ಉಳಿದದ್ದನ್ನು ಎರಡೆರಡಾಗಿ ಕತ್ತರಿಸಿ ಕಾಮಾ ಹಾಕುವುದು. ತೋರಿಸುವುದನ್ನು ಬದಲಿಸಿದ ಮೇಲೆ ಓದುವುದನ್ನೂ ಬದಲಿಸಬೇಕು. ವ್ಯಾಲ್ಯೂಫ್ರಮ್‌ಟೆಕ್ಸ್ಟ್, ವ್ಯಾಲಿಡೇಟ್ ಎರಡನ್ನೂ ಜೊತೆಯಲ್ಲೇ ಬರೆಯಿರಿ. ಪ್ರಿಫಿಕ್ಸ್ ಇದ್ದರೆ ಓದುವಾಗ ಅದನ್ನೂ ಕಳೆಯುವುದು ನೆನಪಿರಲಿ.

ತಾಯಿಯ ಕನ್‌ಸ್ಟ್ರಕ್ಟರಿನಲ್ಲಿ ಮಗಳ ಮೆಥಡ್

ಇದು ಸ್ವಲ್ಪ ಸೂಕ್ಷ್ಮ, ಹಾಗಾಗಿ ನಿಧಾನವಾಗಿ. ಚೀಟಿಕಿಟಕಿ ಎಂಬ ತಾಯಿ ಕ್ಲಾಸ್ ಮಾಡಿದ್ದೆ. ಅದರ ಇನಿಟ್ ಕೊನೆಯಲ್ಲಿ ಸಾಲುಕಟ್ಟು ಎಂಬ ಮೆಥಡ್ ಕರೆಯುತ್ತದೆ. ಚಾಲಿಚೀಟಿ ಅದರ ಮಗಳು; ಸಾಲುಕಟ್ಟು ಅನ್ನು ಓವರ್‌ರೈಡ್ ಮಾಡಿ, ಸೆಲ್ಫ್ ಡಾಟ್ ನಮೂನೆಗಳು ಎಂಬ ಪಟ್ಟಿಯಿಂದ ಕಾಂಬೊ ತುಂಬುತ್ತಾಳೆ. ಮಗಳ ಇನಿಟ್‌ನಲ್ಲಿ ಶಿಸ್ತಾಗಿ ಮೊದಲು ಸೂಪರ್, ಆಮೇಲೆ ನಮೂನೆಗಳು. ಓಡಿಸಿದರೆ 'ನಮೂನೆಗಳು ಎಂಬ ಆಟ್ರಿಬ್ಯೂಟ್ ಇಲ್ಲ' ಎಂದು ಬೀಳುತ್ತದೆ. ಸೂಪರ್ ಒಳಗಿರುವಾಗಲೇ ಸಾಲುಕಟ್ಟು ಓಡಿತು, ಪೈಥಾನ್ ಮಗಳ ಮೆಥಡ್ಡನ್ನೇ ಕರೆಯಿತು, ಪಟ್ಟಿ ಇನ್ನೂ ಹುಟ್ಟಿರಲಿಲ್ಲ. ಸಿ ಪ್ಲಸ್ ಪ್ಲಸ್‌ನಲ್ಲಾಗಿದ್ದರೆ ಕನ್‌ಸ್ಟ್ರಕ್ಟರಿನೊಳಗಿಂದ ಕರೆದ ವರ್ಚುವಲ್ ಮೆಥಡ್ ತಾಯಿಯದೇ ಆಗಿ ಓಡುತ್ತಿತ್ತು: ದೋಷದ ಸಂದೇಶ ಬರುವುದಿಲ್ಲ, ಮಗಳ ಸಾಲುಗಳೂ ಬರುವುದಿಲ್ಲ. ಯಾವುದು ಹೆಚ್ಚು ಕೆಟ್ಟದ್ದು ಎಂದು ಕೇಳಿದರೆ ನನ್ನ ಮತ ಎರಡನೆಯದಕ್ಕೆ.

ಅವಸರದಲ್ಲಿ ಸೂಪರ್ ಕರೆಯನ್ನೇ ಕೆಳಗಿಳಿಸಿ ಕೈ ತೊಳೆದುಕೊಳ್ಳಬೇಡಿ. ನಮೂನೆಗಳನ್ನು ತಾಯಿಯ ಇನಿಟ್‌ಗೆ ಆರ್ಗ್ಯುಮೆಂಟಾಗಿ ಕಳಿಸಿ. ಇಲ್ಲವೇ ಎಂದೂ ಬದಲಾಗದ ಪಟ್ಟಿಯಾದರೆ ಮಗಳ ಕ್ಲಾಸಿನ ಮಟ್ಟದಲ್ಲಿ ಟಪಲ್ ಆಗಿಡಿ. ಟಪಲ್ ಬದಲಾಗದ ಕಾರಣ ಮೇಲೆ ಹೇಳಿದ ಚೀಲದ ಗೊಂದಲ ಇಲ್ಲಿ ಬರುವುದಿಲ್ಲ. ಮೂರನೆಯದಾಗಿ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ: ಈ ಮಗಳು ಬೇಕೇ ಬೇಕೇ? ನನ್ನ ಚಾಲಿಚೀಟಿಯನ್ನು ಕೊನೆಗೆ ಅಳಿಸಿಯೇ ಹಾಕಿದೆ. ಚಾಲಿಗೂ ರಾಶಿಗೂ ಬೇರೆ ಇದ್ದದ್ದು ಪಟ್ಟಿ ಮಾತ್ರ.

ಸಿಗ್ನಲ್ ಕಟ್ಟುವಾಗ ಒಂದು ಗಂಟು

ರಾಶಿ, ಚಾಲಿ, ತಟ್ಟಿಬೆಟ್ಟೆ, ಕೆಂಪುಗೋಟು, ಬಿಳಿಗೋಟು, ಕೋಕ. ಆರು ನಮೂನೆಗೆ ಆರು ಬಟನ್, ಲೂಪಿನಲ್ಲಿ ಹುಟ್ಟಿಸಿ ಕ್ಲಿಕ್ಡ್ ಸಿಗ್ನಲ್ಲಿಗೆ ಲ್ಯಾಂಬ್ಡಾ ಕಟ್ಟಿದೆ. ಯಾವುದನ್ನು ಒತ್ತಿದರೂ ಕೋಕ. ಲ್ಯಾಂಬ್ಡಾ ಹೆಸರನ್ನು ನೋಡುವುದು ಒತ್ತಿದಾಗ. ಅಷ್ಟರಲ್ಲಿ ಲೂಪ್ ಮುಗಿದು ವೇರಿಯೇಬಲ್ಲಿನಲ್ಲಿ ಕೊನೆಯ ಹೆಸರು ಉಳಿದಿರುತ್ತದೆ. ಲ್ಯಾಂಬ್ಡಾದ ಆರ್ಗ್ಯುಮೆಂಟಿಗೆ ಡಿಫಾಲ್ಟಾಗಿ ಹೆಸರು ಕೊಟ್ಟರೆ ಸರಿಹೋಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಕೊಟ್ಟೆ. ಈಗ ನಮೂನೆಯ ಜಾಗದಲ್ಲಿ 'ಫಾಲ್ಸ್' ಎಂದು ಬಂತು! ಕ್ಲಿಕ್ಡ್ ಸಿಗ್ನಲ್ ತನ್ನ ಜೊತೆ 'ಚೆಕ್ಡ್' ಎಂಬ ಬೆಲೆ ಹೊತ್ತು ತರುತ್ತದೆ, ಅದು ಹೋಗಿ ಮೊದಲ ಆರ್ಗ್ಯುಮೆಂಟಿನಲ್ಲಿ ಕೂರುತ್ತದೆ. ಮೊದಲು ಚೆಕ್ಡ್‌ಗೆ ಒಂದು ಜಾಗ ಬಿಟ್ಟು, ಎರಡನೆಯದಾಗಿ ಹೆಸರಿಡಿ.

ಕಿಟಕಿ ತೆರೆದ ಮೇಲೂ ಕೋಡೇ ಬೆಲೆ ತುಂಬುವ ಸಂದರ್ಭ ಬರುತ್ತದೆ, ಮತ್ತೊಂದು ಚೀಟಿಯನ್ನು ಅದೇ ಕಿಟಕಿಯಲ್ಲಿ ತೆರೆದಾಗ. ಆಗ ಸಿಗ್ನಲ್‌ಗಳು ಆಗಲೇ ಕಟ್ಟಿರುತ್ತವೆ. ಬ್ಲಾಕ್‌ಸಿಗ್ನಲ್ಸ್ ಹಾಕಿ, ತುಂಬಿ, ತೆಗೆಯಿರಿ. ಆಮೇಲೆ ಒಟ್ಟು ಮೊತ್ತವನ್ನು ಒಮ್ಮೆ ಕೈಯಾರೆ ಲೆಕ್ಕ ಹಾಕಿಸಿ. ಇಲ್ಲದಿದ್ದರೆ ಹಳೆಯ ಚೀಟಿಯ ಮೊತ್ತವೇ ಕೂತಿರುತ್ತದೆ.

ಕನ್‌ಸ್ಟ್ರಕ್ಟರಿನಲ್ಲಿ ಇರಬಾರದ್ದು

ಶೋ ಕರೆಯಬೇಡಿ. ಕಟ್ಟುವುದು ವಿಜೆಟ್ಟಿನ ಕೆಲಸ. ಎಲ್ಲಿ, ಯಾವಾಗ ತೋರಿಸಬೇಕು ಎನ್ನುವುದು ಅದನ್ನು ಕರೆದವರ ಕೆಲಸ. ಟಿಕಿಂಟರಿನಲ್ಲಿ ಫ್ರೇಮ್ ಸಬ್‌ಕ್ಲಾಸ್ ತನ್ನನ್ನು ತಾನೇ ಪ್ಯಾಕ್ ಮಾಡಿಕೊಳ್ಳುವುದೂ ಇದೇ ಕೆಟ್ಟ ಅಭ್ಯಾಸ. ಹೊರಗಿನವರು ಗ್ರಿಡ್ ಎಂಬ ಇನ್ನೊಂದು ಜೋಡಣೆಯ ಕ್ರಮ ಬಳಸುತ್ತಿದ್ದರೆ ಒಂದೇ ಪೇರೆಂಟಿನಲ್ಲಿ ಪ್ಯಾಕೂ ಗ್ರಿಡ್ಡೂ ಸೇರಿ ಎರರ್ ಬರುತ್ತದೆ.

ಡೇಟಾಬೇಸ್ ಓದುವುದು, ಪ್ರಿಂಟರ್ ಹುಡುಕುವುದು, ಇಂಟರ್ನೆಟ್ಟಿನಿಂದ ದರ ತರುವುದು ಇನಿಟ್‌ನಲ್ಲಿ ಬೇಡ. ದೇವಿಮನೆ ಘಟ್ಟದಲ್ಲಿ ಕೂತು ಪ್ರೋಗ್ರಾಂ ತೆರೆದವನಿಗೆ ನೆಟ್‌ವರ್ಕ್ ಬರುವವರೆಗೆ ಕಿಟಕಿಯೂ ಬರುವುದಿಲ್ಲ. ಕ್ಯೂಟೈಮರಿನ ಸಿಂಗಲ್‌ಶಾಟ್‌ಗೆ ಸೊನ್ನೆ ಕೊಟ್ಟು ಕೆಲಸವನ್ನು ಇವೆಂಟ್ ಲೂಪ್ (ಕ್ಲಿಕ್ಕು, ಕೀಗಳಿಗೆ ಕಾಯುತ್ತ ತಿರುಗುವ ಲೂಪ್) ಶುರುವಾದ ಮೇಲಕ್ಕೆ ದೂಡಬಹುದು, ಆದರೆ ಅದು ಓಡುವುದು ಅದೇ ಥ್ರೆಡ್ಡಿನಲ್ಲಿ. ಕೆಲಸ ದೊಡ್ಡದಿದ್ದರೆ ಬೇರೆ ಥ್ರೆಡ್ ಬೇಕು, ಮತ್ತು ಆ ಥ್ರೆಡ್ ವಿಜೆಟ್‌ಗಳನ್ನು ನೇರವಾಗಿ ಮುಟ್ಟಕೂಡದು; ಸಿಗ್ನಲ್ ಕಳಿಸಿ ಸುಮ್ಮನಿರಬೇಕು. ಶೋಇವೆಂಟ್‌ನಲ್ಲಿ ಹಾಕುತ್ತೇನೆ ಎನ್ನುವವರಿಗೆ: ಅದು ಒಂದೇ ಸಲ ಬರುವಂಥದ್ದಲ್ಲ, ಕಿಟಕಿ ಮರೆಯಾಗಿ ಮತ್ತೆ ಕಂಡಾಗಲೆಲ್ಲ ಬರುತ್ತದೆ.

ಪರೀಕ್ಷೆ

ಇನಿಟ್ ಹೀಗೆ ಹಗುರವಾಗಿದ್ದರೆ ಪರೀಕ್ಷೆ ಸುಲಭ. ಕ್ಯೂಟಿಯ ಪ್ಲಾಟ್‌ಫಾರ್ಮ್ ಅನ್ನು ಆಫ್‌ಸ್ಕ್ರೀನ್ ಎಂದು ಇಟ್ಟರೆ ಪರದೆಯೇ ಇಲ್ಲದೆ ವಿಜೆಟ್ ಹುಟ್ಟುತ್ತದೆ. ಪ್ರತಿ ಸಬ್‌ಕ್ಲಾಸಿಗೂ ನಾನು ಬರೆಯುವುದು ಇಷ್ಟು: ಪೇರೆಂಟ್ ಇಲ್ಲದೆ ಹುಟ್ಟುತ್ತದೆಯೇ, ಪೇರೆಂಟ್ ಕೊಟ್ಟರೂ ಹುಟ್ಟುತ್ತದೆಯೇ, ಎರಡು ಹುಟ್ಟಿಸಿದರೆ ಒಂದರದ್ದು ಇನ್ನೊಂದಕ್ಕೆ ಸೋರುತ್ತದೆಯೇ. ಚೀಟಿಗೆ ಮತ್ತೊಂದು: 48,500ರ ಹಳೆಯ ಚೀಟಿ ತೆರೆ, ಏನನ್ನೂ ಮುಟ್ಟಬೇಡ, ಮುಚ್ಚು. ಡೇಟಾಬೇಸಿನಲ್ಲಿ ಈಗಲೂ 48,500 ಇರಬೇಕು, 'ಉಳಿಸು' ಒಮ್ಮೆಯೂ ಓಡಿರಬಾರದು.

ಈ ಕೊನೆಯ ಪರೀಕ್ಷೆ ಮೊದಲೇ ಇದ್ದಿದ್ದರೆ ಅವತ್ತಿನ ದೋಸೆ ತಣ್ಣಗಾಗುತ್ತಿರಲಿಲ್ಲ. ಮಧ್ಯಾಹ್ನದವರೆಗೆ ವಕಾರಿಯಲ್ಲಿ ಕೂತು ಕಾಗದದ ನಕಲು ನೋಡಿಕೊಂಡು ಭಾವನೂ ನಾನೂ ಒಂದೊಂದೇ ದರ ಮತ್ತೆ ಹೊಡೆದೆವು. ಅವರು ಓದುತ್ತಿದ್ದರು, ನಾನು ಹೊಡೆಯುತ್ತಿದ್ದೆ. ಕಾಗದದ ಚೀಟಿ ಪುಸ್ತಕವನ್ನು ಅವರು ಇನ್ನೂ ಗಲ್ಲಾಪೆಟ್ಟಿಗೆಯ ಕೆಳಗೇ ಇಟ್ಟುಕೊಂಡಿದ್ದಾರೆ.